ರಾಯಚೂರಿನಲ್ಲಿ ಕುಳಿತು ವಾಯಿದಾ ವಹಿವಾಟು: ಡೇಟಾ ಫೀಡ್ ಕೊಳ್ಳುವ ಮುನ್ನ ತೂಗಿ ನೋಡುವುದು ಹೇಗೆ?

ಹತ್ತಿಯ ಹಂಗಾಮು ಶುರುವಾದರೆ ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಎರಡು ದರಗಳ ಮಾತು ಒಟ್ಟೊಟ್ಟಿಗೆ ಕೇಳಿಬರುತ್ತದೆ. ಒಂದು ಅಂದಿನ ಟೆಂಡರ್ ದರ, ಇನ್ನೊಂದು ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನ ವಾಯಿದಾ ದರ, ಅಂದರೆ ಮುಂದಿನ ತಿಂಗಳುಗಳ ಮಾಲಿಗೆ ಇಂದೇ ಕುದುರುವ ದರ. ಮೊದಲನೆಯದು ಎಲ್ಲರ ಕಣ್ಣೆದುರಿಗೇ ನಿಗದಿಯಾಗುತ್ತದೆ. ಎರಡನೆಯದು ಮುಂಬೈಯಲ್ಲಿ ಹುಟ್ಟಿ, ಎರಡು ಮೂರು ಸರ್ವರ್‌ಗಳನ್ನು ದಾಟಿ ನಮ್ಮ ಮೊಬೈಲಿನ ಪರದೆಗೆ ಬರುತ್ತದೆ. ಹೀಗೆ ಹರಿದು ಬರುವ ದರಗಳ ಸಾಲೇ ಡೇಟಾ ಫೀಡ್. ದಾರಿಯಲ್ಲಿ ಎಷ್ಟು ಹೊತ್ತು ತಡೆಯಿತು, ಏನೇನು ಉದುರಿಹೋಯಿತು ಎಂದು ಕೇಳುವವರು ಕಡಿಮೆ. ಹತ್ತಿ ಮಾತ್ರವಲ್ಲ, ಚಿನ್ನ, ಕಚ್ಚಾ ತೈಲ, ನಿಫ್ಟಿ ಫ್ಯೂಚರ್ಸ್ (ವಾಯಿದಾ ಒಪ್ಪಂದ) ಆಡುವವರ ಸ್ಥಿತಿಯೂ ಇದೇ. ಜಾಹೀರಾತುಗಳೆಲ್ಲ ‘ಅತಿ ವೇಗದ ಲೈವ್ ಡೇಟಾ’ ಎನ್ನುತ್ತವೆ. ಸಣ್ಣ ವಹಿವಾಟುದಾರನಿಗೆ ವೇಗ ಎರಡನೆಯ ಮಾತು. ಪೇಟೆ ಕೆರಳಿದ ಹತ್ತು ನಿಮಿಷಗಳಲ್ಲಿ ಫೀಡ್ ತಡವರಿಸದೆ ನಿಲ್ಲುತ್ತದೆಯೇ, ನಿಂತರೆ ತಾನು ನಿಂತಿದ್ದೇನೆ ಎಂದು ಹೇಳುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಇದು ಲಾಭ ಮಾಡುವುದನ್ನು ಕಲಿಸುವ ಲೇಖನವಲ್ಲ. 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಯನ್ನು ದಾಟಿದೆ ಎಂದು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅವರೆಲ್ಲ ಫೀಡ್ ನಿಧಾನವಾಗಿದ್ದುದರಿಂದ ಸೋತವರಲ್ಲ. ತಿಂಗಳಿಗೆ ಎರಡು ಸಾವಿರ ಕೊಟ್ಟು ಫೀಡ್ ತಂದರೆ ಗೆಲುವು ಬರುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹೆಜ್ಜೆ 1: ನಿಮಗೆ ಬೇಕಾದದ್ದೇನು?

ಜಿನ್ನಿಂಗ್ ಮಿಲ್ಲಿನವರು, ಅಡತ್ ವ್ಯಾಪಾರಿಗಳು ಕೈಯಲ್ಲಿರುವ ಮಾಲಿನ ದರದ ಅಪಾಯ ತಗ್ಗಿಸಿಕೊಳ್ಳಲು ವಾಯಿದಾ ಪೇಟೆಗೆ ಬರುತ್ತಾರೆ. ಒಪ್ಪಂದವನ್ನು ವಾರಗಟ್ಟಲೆ ಹಿಡಿಯುವ ಅವರಿಗೆ ಬ್ರೋಕರ್ ಕೊಡುವ ಉಚಿತ ಆ್ಯಪ್ ಸಾಕು. ಅರ್ಧ ಸೆಕೆಂಡ್ ತಡವಾದರೆ ಅವರ ಲೆಕ್ಕದಲ್ಲಿ ಏನೂ ಏರುಪೇರಾಗುವುದಿಲ್ಲ. ಇಂಥವರು ಈ ಲೇಖನದಲ್ಲಿ ಹೆಜ್ಜೆ 3 ಮತ್ತು ಹತ್ತಿಯ ಭಾಗವನ್ನು ಓದಿಕೊಂಡರೆ ಸಾಕು.

ದಿನದೊಳಗೇ ಕೊಂಡು ಮಾರುವವರು, ಆದರೆ ಕಣ್ಣಿನಿಂದ ನೋಡಿ ಕೈಯಿಂದ ಆರ್ಡರ್ ಹಾಕುವವರಿಗೆ ಬ್ರೋಕರ್ ಟರ್ಮಿನಲ್ (ದರ ನೋಡಿ ಆರ್ಡರ್ ಹಾಕುವ ತಂತ್ರಾಂಶ) ಜೊತೆಗೆ ಇನ್ನೊಂದು ಬ್ರೋಕರ್ ಖಾತೆ ಆಸರೆಗೆ ಇರಬೇಕು. ಅಮಿಬ್ರೋಕರ್‌ನಂಥ ಚಾರ್ಟ್ ತಂತ್ರಾಂಶ ಬಳಸುವವರು ಅಥವಾ ತಾವೇ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದುಕೊಳ್ಳುವವರು ಮಾತ್ರ ದುಡ್ಡು ಕೊಡುವ ಫೀಡ್ ಬಗ್ಗೆ ಯೋಚಿಸಬೇಕಾದವರು.

ಇನ್ನು ಮಿಲಿಸೆಕೆಂಡುಗಳ ಓಟದಲ್ಲಿ ಗೆಲ್ಲುತ್ತೇನೆ ಎನ್ನುವವರಿಗೆ ರಾಯಚೂರೂ ಒಂದೇ, ಬೆಂಗಳೂರೂ ಒಂದೇ. ಆ ಓಟ ನಡೆಯುವುದು ವಿನಿಮಯ ಕೇಂದ್ರದ ಕಟ್ಟಡದೊಳಗೇ ಸರ್ವರ್ ಇಟ್ಟುಕೊಂಡ ಸಂಸ್ಥೆಗಳ ನಡುವೆ. ನಮ್ಮ ಊರು ದೂರವಾಯಿತೆಂದು ಕೊರಗಬೇಕಾಗಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈಯಿಂದ ಏಳುನೂರು ಕಿಲೋಮೀಟರ್ ಎಂದುಕೊಂಡರೂ ಅದು ನಾಲ್ಕು ಮಿಲಿಸೆಕೆಂಡಿನೊಳಗಿನ ದಾರಿ. ತಡವಾಗುವುದು ಬ್ರೋಕರ್‌ನ ಸರ್ವರ್‌ನಲ್ಲಿ, ಇಂಟರ್ನೆಟ್ ಕಂಪನಿಯ ಸುತ್ತುಬಳಸಿನ ಮಾರ್ಗದಲ್ಲಿ ಮತ್ತು ನಿಮ್ಮ ಮನೆಯ ವೈಫೈಯಲ್ಲಿ.

ಹೆಜ್ಜೆ 2: ಫೀಡಿನಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ?

ವಿನಿಮಯ ಕೇಂದ್ರದಲ್ಲಿ ನಡೆಯುವ ಪ್ರತಿಯೊಂದು ಆರ್ಡರ್, ಪ್ರತಿಯೊಂದು ವಹಿವಾಟಿನ ಹರಿವನ್ನು ಟಿಕ್ ಬೈ ಟಿಕ್ ಫೀಡ್ ಎನ್ನುತ್ತಾರೆ. ಟಿಕ್ ಎಂದರೆ ಹೊಸ ದರ ಹೊತ್ತು ಬರುವ ಒಂದೊಂದು ಸಂದೇಶ. ಅದು ನಮ್ಮಂಥವರ ಮನೆಗೆ ಬರುವುದಿಲ್ಲ, ಬಂದರೂ ಮನೆಯ ಲೈನು ತಾಳುವುದಿಲ್ಲ. ಬ್ರೋಕರ್ ಆ್ಯಪ್‌ನಲ್ಲಿ ಕಾಣುವುದು ಆಗಾಗ ತೆಗೆದ ಸ್ನ್ಯಾಪ್‌ಶಾಟ್. ಕಚ್ಚಾ ತೈಲ ಒಂದೇ ಸೆಕೆಂಡಿನಲ್ಲಿ 5810, 5813, 5809, 5811ರಲ್ಲಿ ಕೈಬದಲಾಯಿತು ಎಂದುಕೊಳ್ಳಿ. ನಿಮಗೆ ಬರುವುದು ಕೊನೆಯ 5811 ಒಂದೇ ಇರಬಹುದು. 5813 ಮುಟ್ಟಿದ್ದು ನಿಮ್ಮ ಒಂದು ನಿಮಿಷದ ಕ್ಯಾಂಡಲ್‌ನಲ್ಲಿ (ಆ ನಿಮಿಷದ ದರಗಳನ್ನು ತೋರಿಸುವ ಚಾರ್ಟಿನ ಕಡ್ಡಿ) ಕಾಣುವುದೇ ಇಲ್ಲ. ಆದರೆ ‘ದಿನದ ಗರಿಷ್ಠ’ ಎಂಬ ಅಂಕಿ ವಿನಿಮಯ ಕೇಂದ್ರದಿಂದಲೇ ಬರುವುದರಿಂದ ಅದು ಸರಿಯಾಗಿಯೇ ಇರುತ್ತದೆ. ದಿನದ ಗರಿಷ್ಠ ಒಂದು, ಚಾರ್ಟಿನಲ್ಲಿ ಅತಿ ಎತ್ತರದ ಕಡ್ಡಿ ಇನ್ನೊಂದು ಎಂದು ಕಂಡಾಗ ಯಾರೋ ಮೋಸ ಮಾಡಿದರು ಎಂದುಕೊಳ್ಳುವವರು ಬಹಳ. ಅದು ಮೋಸವಲ್ಲ, ಸ್ನ್ಯಾಪ್‌ಶಾಟ್‌ನ ಮಿತಿ.

ವಹಿವಾಟಿನ ಪ್ರಮಾಣದಲ್ಲೂ ಇದೇ ತೊಡಕು. ತಾವೇ ಪ್ರೋಗ್ರಾಂ ಬರೆಯುವವರು ‘ಕೊನೆಯ ವಹಿವಾಟಿನ ಪ್ರಮಾಣ’ವನ್ನು ಕೂಡುತ್ತ ಹೋದರೆ ಮೊತ್ತ ಸಾಮಾನ್ಯವಾಗಿ ಕಡಿಮೆ ಬರುತ್ತದೆ, ಏಕೆಂದರೆ ನಡುವಿನ ವಹಿವಾಟುಗಳು ನಿಮ್ಮನ್ನು ತಲುಪಿಲ್ಲ. ದಿನದ ಒಟ್ಟು ಪ್ರಮಾಣ ಪ್ರತಿ ಟಿಕ್‌ನಲ್ಲೂ ಇರುತ್ತದೆ. ಈಗಿನ ಒಟ್ಟು ಪ್ರಮಾಣದಿಂದ ನಿಮಿಷದ ಹಿಂದಿನ ಒಟ್ಟನ್ನು ಕಳೆಯಿರಿ, ಸರಿಯಾದ ಅಂಕಿ ಸಿಗುತ್ತದೆ.

ಡೆಪ್ತ್ ವಿಷಯ ಇಷ್ಟೇ: ಸಾಮಾನ್ಯವಾಗಿ ಕೊಳ್ಳುವವರ ಐದು, ಮಾರುವವರ ಐದು ದರಗಳು ಕಾಣುತ್ತವೆ. ಧನ್‌ನಂಥ ಕೆಲವು ಬ್ರೋಕರ್‌ಗಳು ಇಪ್ಪತ್ತು ಹಂತಗಳನ್ನೂ ತೋರಿಸುತ್ತಾರೆ. ಒಂದೆರಡು ಲಾಟ್ (ವಹಿವಾಟಿನ ಕನಿಷ್ಠ ಘಟಕ) ಆಡುವವರಿಗೆ ಐದೇ ಹೆಚ್ಚು.

ಹೆಜ್ಜೆ 3: ಮೊದಲು ಕಸ ತೆಗೆಯಿರಿ

ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಎಂಸಿಎಕ್ಸ್ ಲೈವ್ ರೇಟ್’ ಎಂಬ ಎಪಿಕೆ ಫೈಲ್ (ಪ್ಲೇಸ್ಟೋರ್ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್) ತಿರುಗುತ್ತಿರುತ್ತದೆ. ಅದನ್ನು ಇಳಿಸಿಕೊಳ್ಳಬೇಡಿ. ಅವುಗಳಲ್ಲಿ ಹಲವು ಡಬ್ಬಾ ವಹಿವಾಟಿನ ಬಾಗಿಲು. ಅಲ್ಲಿ ದರವಷ್ಟೇ ಪೇಟೆಯದು, ಆರ್ಡರ್ ಮಾತ್ರ ಯಾವ ವಿನಿಮಯ ಕೇಂದ್ರಕ್ಕೂ ಹೋಗುವುದಿಲ್ಲ. ಇದು ಕಾನೂನುಬಾಹಿರ. ಹಣ ಮುಳುಗಿದರೆ ಸೆಬಿಗಾಗಲಿ ವಿನಿಮಯ ಕೇಂದ್ರಕ್ಕಾಗಲಿ ದೂರು ಕೊಡಲು ನಿಮ್ಮ ಕೈಯಲ್ಲಿ ಒಂದು ಕಾಂಟ್ರ್ಯಾಕ್ಟ್ ನೋಟ್ (ವಹಿವಾಟಿನ ಅಧಿಕೃತ ಚೀಟಿ) ಕೂಡ ಇರುವುದಿಲ್ಲ. ಫೀಡ್ ಮಾರುವವರು ಅಧಿಕೃತರೇ ಎಂದು ತಿಳಿಯುವುದು ಸುಲಭ: ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಮತ್ತು ಎಂಸಿಎಕ್ಸ್ ತಮ್ಮ ಜಾಲತಾಣಗಳಲ್ಲಿ ಡೇಟಾ ಮಾರಾಟಗಾರರ ಪಟ್ಟಿ ಹಾಕುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲದವರ ‘ಅರ್ಧ ಬೆಲೆ’ಯ ಮಾತಿಗೆ ಬೆಲೆ ಕೊಡಬೇಡಿ.

‘ವರ್ಚುವಲ್ ಟ್ರೇಡಿಂಗ್’ ಆಟದ ಆ್ಯಪ್‌ಗಳ ದರವನ್ನೂ ನಂಬಬೇಡಿ. ಅಂಥವುಗಳಿಗೆ ತಾಜಾ ದರ ಕೊಡಬಾರದೆಂದು ಸೆಬಿ 2024ರ ಮೇ ತಿಂಗಳಲ್ಲೇ ಸುತ್ತೋಲೆ ಹೊರಡಿಸಿದೆ.

ತಡವಾದ ದರವನ್ನು ತಾಜಾ ಎಂದು ತಿಳಿಯುವುದೂ ಉಂಟು. ಟ್ರೇಡಿಂಗ್‌ವ್ಯೂ ಚಾರ್ಟಿನಲ್ಲಿ ಹೆಸರಿನ ಪಕ್ಕ ಸಣ್ಣ ‘ಡಿ’ ಅಕ್ಷರ ಕಂಡರೆ ಆ ದರ ತಡವಾಗಿ ಬರುತ್ತಿದೆ ಎಂದರ್ಥ. ಓದಲು ಪರವಾಗಿಲ್ಲ, ಅದನ್ನು ನೋಡಿ ಆರ್ಡರ್ ಹಾಕಬಾರದು.

ಹೆಜ್ಜೆ 4: ಮೂರು ಬಗೆ, ಮೂರು ಬೆಲೆ

ಬ್ರೋಕರ್ ಟರ್ಮಿನಲ್ ಉಚಿತ. ಬ್ರೋಕರ್‌ನ ಎಪಿಐ (ನಿಮ್ಮ ಪ್ರೋಗ್ರಾಂ ನೇರವಾಗಿ ಬ್ರೋಕರ್‌ನ ಸರ್ವರ್ ಜೊತೆ ಮಾತಾಡುವ ದಾರಿ) ಕೆಲವರಲ್ಲಿ ಉಚಿತ, ಕೆಲವರಲ್ಲಿ ತಿಂಗಳ ಶುಲ್ಕ. ಏಂಜೆಲ್ ಒನ್‌ನ ಸ್ಮಾರ್ಟ್‌ಎಪಿಐ ಉಚಿತವಾಗಿ ಸಿಗುತ್ತದೆ. ಜೆರೋಧಾದ ಕೈಟ್ ಕನೆಕ್ಟ್‌ಗೆ ತಿಂಗಳ ಶುಲ್ಕವಿದೆ, ಅದರ ಒಂದು ಸಂಪರ್ಕದಲ್ಲಿ 3000 ಒಪ್ಪಂದಗಳವರೆಗೆ ದರ ತರಿಸಿಕೊಳ್ಳಬಹುದು. ಟ್ರೂಡೇಟಾ, ಗ್ಲೋಬಲ್ ಡೇಟಾಫೀಡ್ಸ್‌ನಂಥ ಅಧಿಕೃತ ಮಾರಾಟಗಾರರ ಫೀಡ್ ಎಲ್ಲಕ್ಕಿಂತ ದುಬಾರಿ. ಅಲ್ಲಿ ಷೇರು, ಫ್ಯೂಚರ್ಸ್, ಸರಕು ಎಂದು ಒಂದೊಂದು ವಿಭಾಗಕ್ಕೂ ಬೇರೆ ಶುಲ್ಕ, ಮೇಲೆ ಶೇ 18ರಷ್ಟು ಜಿಎಸ್‌ಟಿ. ಜಾಲತಾಣದಲ್ಲಿ ದಪ್ಪ ಅಕ್ಷರದಲ್ಲಿರುವುದು ತೆರಿಗೆ ಸೇರಿಸದ ಬೆಲೆ ಆಗಿರುವುದೇ ಹೆಚ್ಚು.

ದುಡ್ಡು ಕೊಟ್ಟದ್ದಕ್ಕೆ ಸಿಗುವುದು ವೇಗವಲ್ಲ, ಹಿಂದಿನ ದಿನಗಳ ದಾಖಲೆ ಮತ್ತು ತಪ್ಪಿಹೋದ ತುಂಡನ್ನು ತುಂಬಿಕೊಡುವ ಸೌಲಭ್ಯ. ಹತ್ತು ನಿಮಿಷ ಕರೆಂಟ್ ಹೋಗಿ ಬಂದ ಮೇಲೆ ಬ್ರೋಕರ್ ಎಪಿಐ ಆ ಕ್ಷಣದಿಂದ ಮುಂದಿನ ಟಿಕ್ ಮಾತ್ರ ಕೊಡುತ್ತದೆ. ಕಳೆದುಹೋದ ಹತ್ತು ನಿಮಿಷವನ್ನು ನೀವೇ ಬೇರೆ ಕಡೆಯಿಂದ ಕೇಳಿ ತರಬೇಕು. ಒಳ್ಳೆಯ ಮಾರಾಟಗಾರರ ಪ್ಲಗಿನ್ ಅದನ್ನು ತಾನೇ ತುಂಬುತ್ತದೆ. ಕೊಳ್ಳುವ ಮುನ್ನ ಫೋನ್ ಮಾಡಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ‘ನಡುವೆ ಸಂಪರ್ಕ ತಪ್ಪಿದರೆ ಹಳೆಯ ಟಿಕ್ ತುಂಬುತ್ತೀರಾ, ಎಷ್ಟು ಹೊತ್ತಿನದು?’ ಉತ್ತರ ತಡವರಿಸಿದರೆ ಮುಂದಿನ ಪ್ರಶ್ನೆ ಬೇಡ.

ಎಪಿಐ ಮೂಲಕ ಆರ್ಡರ್ ಕೂಡ ಹಾಕುವವರು ಇನ್ನೊಂದು ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು. 2025ರ ಫೆಬ್ರವರಿಯ ಸೆಬಿ ಸುತ್ತೋಲೆಯ ಚೌಕಟ್ಟಿನಲ್ಲಿ ಅಂಥ ಆರ್ಡರ್‌ಗಳಿಗೆ ಸ್ಥಿರ ಐಪಿ ವಿಳಾಸ (ಬದಲಾಗದ ಇಂಟರ್ನೆಟ್ ವಿಳಾಸ) ಬೇಕು. ಮನೆಯ ಸಾಮಾನ್ಯ ಫೈಬರ್ ಸಂಪರ್ಕದಲ್ಲಿ ಅದು ಇರುವುದಿಲ್ಲ, ಬೇರೆ ದುಡ್ಡು ಕೊಟ್ಟು ಪಡೆಯಬೇಕು. ದರ ನೋಡುವುದಕ್ಕಷ್ಟೇ ಫೀಡ್ ಬಳಸುವವರಿಗೆ ಈ ತಾಪತ್ರಯವಿಲ್ಲ.

ವಿದೇಶಿ ಫೀಡ್ ಬೇಕೇ ಎಂದು ಕೇಳುವವರಿದ್ದಾರೆ. ಕಚ್ಚಾ ತೈಲದ ಮೂಲ ದರ ನ್ಯೂಯಾರ್ಕಿನದು ಎಂಬುದು ನಿಜ. 2020ರ ಏಪ್ರಿಲ್ 20ರಂದು ಲಾಕ್‌ಡೌನ್ ಕಾರಣ ಎಂಸಿಎಕ್ಸ್ ಸಂಜೆ 5ಕ್ಕೇ ಬಾಗಿಲು ಹಾಕಿತ್ತು. ಆ ರಾತ್ರಿ ನ್ಯೂಯಾರ್ಕಿನಲ್ಲಿ ದರ ಸೊನ್ನೆಗಿಂತ ಕೆಳಗೆ ಜಾರಿ, ಇಲ್ಲಿನ ಒಪ್ಪಂದ ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿಗೆ ಇತ್ಯರ್ಥವಾಯಿತು. ಆದರೂ ನನ್ನ ಸಲಹೆ, ವಿದೇಶಿ ದರವನ್ನು ನೋಡಿಕೊಳ್ಳಲು ತಡವಾದ ಉಚಿತ ಚಾರ್ಟ್ ಸಾಕು. ವ್ಯಕ್ತಿಗಳು ವಿದೇಶಕ್ಕೆ ಹಣ ಕಳುಹಿಸುವ ಉದಾರೀಕೃತ ರವಾನೆ ಯೋಜನೆಯಡಿ ವಿದೇಶಿ ವಿನಿಮಯ ಕೇಂದ್ರಗಳಿಗೆ ಮಾರ್ಜಿನ್ ಹಣ (ವಹಿವಾಟಿಗೆ ಇಡುವ ಠೇವಣಿ) ಕಳುಹಿಸಲು ಅವಕಾಶವೇ ಇಲ್ಲದಿರುವಾಗ ಅಲ್ಲಿನ ದುಬಾರಿ ಫೀಡ್ ತಂದು ಮಾಡುವುದೇನು?

ಹೆಜ್ಜೆ 5: ಅಕ್ಕಪಕ್ಕ ಇಟ್ಟು ಓಡಿಸಿ

ಇದೇ ಮುಖ್ಯ ಕೆಲಸ, ಇದನ್ನೇ ಜನ ಬಿಡುತ್ತಾರೆ. ಪ್ರಾಯೋಗಿಕ ಅವಧಿ ಕೊಡುವ ಫೀಡನ್ನು ಪಡೆದು, ಈಗಿರುವ ಬ್ರೋಕರ್ ಟರ್ಮಿನಲ್ ಪಕ್ಕದಲ್ಲಿಟ್ಟು ಒಂದು ವಾರ ಓಡಿಸಿ.

ಮೊದಲು ಕಂಪ್ಯೂಟರ್ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿ. ಗಡಿಯಾರ ಮೂರು ಸೆಕೆಂಡ್ ಹಿಂದಿದ್ದರೆ ನಿಮ್ಮ ಒಂದು ನಿಮಿಷದ ಕ್ಯಾಂಡಲ್‌ಗಳೆಲ್ಲ ಬೇರೆಯವರಿಗಿಂತ ಬೇರೆಯಾಗುತ್ತವೆ.

ತಡ ಎಷ್ಟು ಎಂದು ಅಳೆಯಲು ಪ್ರೋಗ್ರಾಂ ಬರೆಯಬೇಕಿಲ್ಲ. ಎರಡು ಪರದೆಗಳನ್ನು ಒತ್ತಾಗಿ ಇಟ್ಟು, ಎರಡರಲ್ಲೂ ಒಂದೇ ತಿಂಗಳ ಕಚ್ಚಾ ತೈಲದ ಒಪ್ಪಂದ ತೆರೆದು, ಮೊಬೈಲಿನಲ್ಲಿ ಎರಡು ನಿಮಿಷದ ವೀಡಿಯೊ ತೆಗೆಯಿರಿ. ಆಮೇಲೆ ಒಂದೊಂದೇ ಫ್ರೇಮ್ ಸರಿಸುತ್ತ, ಒಂದೇ ದರ ಎರಡೂ ಕಡೆ ಯಾವಾಗ ಮೂಡಿತು ಎಂದು ನೋಡಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಫ್ರೇಮ್ ಎಂದರೆ ಸುಮಾರು 33 ಮಿಲಿಸೆಕೆಂಡ್. ಹದಿನೈದು ಫ್ರೇಮ್ ವ್ಯತ್ಯಾಸ ಕಂಡರೆ ಅರ್ಧ ಸೆಕೆಂಡ್. ಬ್ರೋಕರ್ ಎಪಿಐಗಳು ಕೊಡುವ ಸಮಯದ ಮುದ್ರೆ ಸೆಕೆಂಡಿನ ಲೆಕ್ಕದಲ್ಲೇ ಇರುವುದು ಸಾಮಾನ್ಯ. ಹಾಗಾಗಿ ಅದಕ್ಕಿಂತ ಈ ವೀಡಿಯೊ ಲೆಕ್ಕವೇ ಸೂಕ್ಷ್ಮ.

ಯಾವಾಗ ಅಳೆಯಬೇಕು ಎಂಬುದು ಇನ್ನೂ ಮುಖ್ಯ. ಮಧ್ಯಾಹ್ನ ಒಂದೂವರೆಗೆ ಎಲ್ಲ ಫೀಡ್‌ಗಳೂ ಚೆನ್ನಾಗಿಯೇ ಓಡುತ್ತವೆ. ಬೆಳಿಗ್ಗೆ 9.15ರಿಂದ ಮೊದಲ ಐದು ನಿಮಿಷ, ನಿಫ್ಟಿಯ ವಾರದ ಎಕ್ಸ್‌ಪೈರಿ (ಒಪ್ಪಂದ ಮುಗಿಯುವ ದಿನ) ಬೀಳುವ ಮಂಗಳವಾರದ ಕೊನೆಯ ಗಂಟೆ, ರಿಸರ್ವ್ ಬ್ಯಾಂಕ್ ಹಣಕಾಸು ನೀತಿ ಪ್ರಕಟಿಸುವ ದಿನದ 10 ಗಂಟೆ, ಅಮೆರಿಕದ ತೈಲ ದಾಸ್ತಾನು ವರದಿ ಬರುವ ಬುಧವಾರ ರಾತ್ರಿ, ಈ ಹೊತ್ತುಗಳಲ್ಲಿ ನೋಡಿ. ತೈಲ ವರದಿ ನಮ್ಮ ಗಡಿಯಾರದಲ್ಲಿ ಬೇಸಿಗೆಯಲ್ಲಿ 8 ಗಂಟೆಗೆ, ಚಳಿಗಾಲದಲ್ಲಿ 9 ಗಂಟೆಗೆ ಬರುತ್ತದೆ. ಎಂಸಿಎಕ್ಸ್ ರಾತ್ರಿ 11.30ಕ್ಕೆ ಮುಚ್ಚುವುದು, ಚಳಿಗಾಲದಲ್ಲಿ 11.55ರವರೆಗೆ ನಡೆಯುವುದು ಅಮೆರಿಕದ ಅದೇ ಸಮಯ ಬದಲಾವಣೆಯಿಂದ.

ಆ ಹೊತ್ತಿನ ತಡ ದುಡ್ಡಿನಲ್ಲಿ ಎಷ್ಟು? ಕಚ್ಚಾ ತೈಲದ ದೊಡ್ಡ ಒಪ್ಪಂದ 100 ಬ್ಯಾರೆಲ್. ವರದಿ ಬಂದ ಸೆಕೆಂಡಿನಲ್ಲಿ ದರ ಐದು ರೂಪಾಯಿ ಜಿಗಿದರೆ ಲಾಟ್ ಒಂದಕ್ಕೆ 500 ರೂಪಾಯಿ. 10 ಬ್ಯಾರೆಲ್‌ನ ಮಿನಿ ಆಡುವವರಿಗೆ 50. ನೀವು ತಿಂಗಳಿಗೆ ಎಷ್ಟು ಸಲ ಅಂಥ ಹೊತ್ತಿನಲ್ಲಿ ಕೈಹಾಕುತ್ತೀರಿ ಎಂದು ಗುಣಿಸಿ, ಫೀಡಿನ ಶುಲ್ಕದ ಪಕ್ಕದಲ್ಲಿಡಿ. ಮಿನಿ ಒಪ್ಪಂದದವರ ಲೆಕ್ಕದಲ್ಲಿ ಶುಲ್ಕವೇ ದೊಡ್ಡದಾಗಿ ಕಾಣುವುದು ಹೆಚ್ಚು.

ಸಂಜೆ ಇನ್ನೊಂದು ಪರೀಕ್ಷೆ. ವಿನಿಮಯ ಕೇಂದ್ರದ ಜಾಲತಾಣದಿಂದ ಅಂದಿನ ಭಾವ್‌ಕಾಪಿ (ದಿನದ ಅಧಿಕೃತ ದರಪಟ್ಟಿ) ಇಳಿಸಿ, ಆರಂಭ, ಗರಿಷ್ಠ, ಕನಿಷ್ಠ, ಒಟ್ಟು ಪ್ರಮಾಣಗಳನ್ನು ನಿಮ್ಮ ಫೀಡ್ ಕೊಟ್ಟ ‘ದಿನದ’ ಅಂಕಿಗಳ ಜೊತೆ (ಕ್ಯಾಂಡಲ್‌ಗಳ ಜೊತೆ ಅಲ್ಲ) ತಾಳೆ ನೋಡಿ. ಮುಕ್ತಾಯದ ದರ ತಾಳೆಯಾಗದಿದ್ದರೆ ಗಾಬರಿ ಬೇಡ. ಎನ್‌ಎಸ್‌ಇ ಫ್ಯೂಚರ್ಸ್‌ನ ಮುಕ್ತಾಯ ದರ ಕೊನೆಯ ವಹಿವಾಟಿನ ದರವಲ್ಲ, ಕೊನೆಯ ಅರ್ಧ ಗಂಟೆಯ ತೂಕದ ಸರಾಸರಿ. ಉಳಿದ ಅಂಕಿಗಳು ಮತ್ತೆ ಮತ್ತೆ ತಪ್ಪಿದರೆ ಆ ಫೀಡ್ ಬೇಡ, ಎಷ್ಟೇ ವೇಗವಿರಲಿ.

ಕೊನೆಗೆ, ಬೇಕೆಂದೇ ರೌಟರ್‌ನ ತಂತಿ ಕಿತ್ತು ಎರಡು ನಿಮಿಷ ಬಿಟ್ಟು ಹಾಕಿ. ತಂತಿ ಕಿತ್ತ ಮೇಲೆ ಪರದೆ ಏನು ತೋರಿಸುತ್ತದೆ? ಒಳ್ಳೆಯ ಟರ್ಮಿನಲ್ ಕೆಲವೇ ಸೆಕೆಂಡಿನಲ್ಲಿ ಸಂಪರ್ಕ ತಪ್ಪಿದೆ ಎಂದು ಹೇಳುತ್ತದೆ. ಕೆಟ್ಟದ್ದು ಹಳೆಯ ದರವನ್ನೇ ಹಸಿರು ಬಣ್ಣದಲ್ಲಿ ತೋರಿಸುತ್ತ ಸುಮ್ಮನಿರುತ್ತದೆ. ನನ್ನ ದೃಷ್ಟಿಯಲ್ಲಿ ಈ ಒಂದು ಪರೀಕ್ಷೆಯಲ್ಲಿ ಸೋತ ಫೀಡಿಗೆ ಉಳಿದ ಯಾವ ಗುಣವೂ ಲೆಕ್ಕಕ್ಕಿಲ್ಲ.

ಹತ್ತಿ ಆಡುವವರಿಗೆ: ಫೀಡ್ ನಿಂತಿದೆಯೋ, ಪೇಟೆ ಮಲಗಿದೆಯೋ?

ಹತ್ತಿಯ ವಾಯಿದಾದಲ್ಲಿ ವಹಿವಾಟು ತೆಳು. ಹಲವು ನಿಮಿಷ ಒಂದೂ ಟಿಕ್ ಬರದಿರಬಹುದು. ಪರದೆ ಅಲುಗಾಡದಿದ್ದಾಗ ಫೀಡ್ ಕೆಟ್ಟಿದೆಯೋ, ಕೊಳ್ಳುವವರಿಲ್ಲವೋ ತಿಳಿಯುವುದಿಲ್ಲ. ಉಪಾಯ ಸರಳ: ಅದೇ ಫೀಡಿನಲ್ಲಿ ಹತ್ತಿಯ ಪಕ್ಕ ಚಿನ್ನ ಅಥವಾ ಕಚ್ಚಾ ತೈಲದ ಒಪ್ಪಂದ ತೆರೆದಿಡಿ. ಅವು ಓಡುತ್ತಿದ್ದು ಹತ್ತಿ ನಿಂತಿದ್ದರೆ ಪೇಟೆ ಮಲಗಿದೆ. ಮೂರೂ ನಿಂತಿದ್ದರೆ ಫೀಡ್ ಅಥವಾ ವಿನಿಮಯ ಕೇಂದ್ರವೇ ನಿಂತಿದೆ. ತೆಳು ಪೇಟೆಯಲ್ಲಿ ‘ಕೊನೆಯ ದರ’ ಇಪ್ಪತ್ತು ನಿಮಿಷ ಹಳೆಯದಿರಬಹುದು. ಅದರ ಸಮಯವನ್ನು ನೋಡಿ, ಮತ್ತು ಕೊಳ್ಳುವ ಮಾರುವ ದರಗಳ ನಡುವಿನ ಅಂತರ ನೋಡಿ.

ಗಂಜಿನ ದರಕ್ಕೆ ಹೋಲಿಸುವಾಗ ಘಟಕ ಮರೆಯಬೇಡಿ. ಇಲ್ಲಿ ಟೆಂಡರ್ ನಡೆಯುವುದು ಬೀಜ ಸಮೇತದ ಹತ್ತಿಗೆ, ಕ್ವಿಂಟಲ್ ಲೆಕ್ಕದಲ್ಲಿ. ಎಂಸಿಎಕ್ಸ್‌ನ ಕ್ಯಾಂಡಿ ಎಂದರೆ ಸುಮಾರು 356 ಕಿಲೋ ಅರಳೆ. ಕ್ವಿಂಟಲ್ ಹತ್ತಿಗೆ 34–35 ಕಿಲೋ ಅರಳೆ ಬರುತ್ತದೆ ಎಂದು ಹಿಡಿದರೆ, ಒಂದು ಕ್ಯಾಂಡಿಗೆ ಹತ್ತು ಕ್ವಿಂಟಲ್‌ಗಿಂತ ತುಸು ಹೆಚ್ಚು ಹತ್ತಿ ಬೇಕು. ಕಾಳಿನ ಬೆಲೆ, ಜಿನ್ನಿಂಗ್ ಖರ್ಚು ಇದರ ಮೇಲಿನ ಲೆಕ್ಕ. ಫೀಡ್ ಎಷ್ಟೇ ನಿಖರವಾಗಿದ್ದರೂ ಈ ಗುಣಾಕಾರವನ್ನು ಅದು ಮಾಡಿಕೊಡುವುದಿಲ್ಲ.

ಹೆಜ್ಜೆ 6: ಲೈನು ಮತ್ತು ಕರೆಂಟು

ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ರಾಜ್ಯಕ್ಕೆ ಬೆಳಕು ಕೊಡುತ್ತದೆ. ಹಾಗೆಂದು ಮೇ ತಿಂಗಳ ಮಳೆಗಾಳಿಗೆ ರಾಯಚೂರಿನ ಓಣಿಗಳಲ್ಲಿ ಕರೆಂಟ್ ಹೋಗದೇ ಇರುವುದಿಲ್ಲ. ರೌಟರ್ ಮತ್ತು ಫೈಬರ್ ಪೆಟ್ಟಿಗೆಗೆ ಒಂದು ಸಣ್ಣ ಯುಪಿಎಸ್, ಕಂಪ್ಯೂಟರಿಗೆ ವೈಫೈ ಬದಲು ಕೇಬಲ್, ಇನ್ನೊಂದು ಕಂಪನಿಯ ಸಿಮ್ ಇರುವ ಮೊಬೈಲ್, ಇಷ್ಟು ಮಾಡಿದರೆ ದುಬಾರಿ ಫೀಡ್ ಕೊಡುವುದಕ್ಕಿಂತ ಹೆಚ್ಚಿನ ಭದ್ರತೆ ಸಿಗುತ್ತದೆ.

ಮೊಬೈಲ್ ಡೇಟಾ ಸಾಲುವುದೇ ಎಂಬ ಭಯ ಬೇಡ. ಕೈಟ್ ಕನೆಕ್ಟ್‌ನಲ್ಲಿ ಡೆಪ್ತ್ ಸಮೇತದ ಒಂದು ಪೂರ್ಣ ಟಿಕ್ 184 ಬೈಟ್. ಮೂವತ್ತು ಒಪ್ಪಂದಗಳು, ಸೆಕೆಂಡಿಗೆ ಒಂದೊಂದು ಟಿಕ್ ಎಂದರೆ ಗಂಟೆಗೆ ಸುಮಾರು 20 ಎಂಬಿ. ಎನ್‌ಎಸ್‌ಇಯ ಇಡೀ ದಿನಕ್ಕೆ 125 ಎಂಬಿ ಆಸುಪಾಸು. ಡೇಟಾ ತಿನ್ನುವುದು ಪಕ್ಕದಲ್ಲಿ ಓಡುವ ವೀಡಿಯೊ, ಫೀಡ್ ಅಲ್ಲ.

ಕೆಲವು ದಿನ ಯಾರ ಕೈಯಲ್ಲೂ ಏನೂ ಇರುವುದಿಲ್ಲ. 2021ರ ಫೆಬ್ರವರಿ 24ರಂದು ಎನ್‌ಎಸ್‌ಇ ವಹಿವಾಟು ಬೆಳಿಗ್ಗೆ 11.40ಕ್ಕೆ ನಿಂತು ಮಧ್ಯಾಹ್ನ 3.45ಕ್ಕೆ ಮತ್ತೆ ಶುರುವಾಯಿತು. 2025ರ ಅಕ್ಟೋಬರ್ 28ರಂದು ಎಂಸಿಎಕ್ಸ್ ಬೆಳಿಗ್ಗೆ 9ರ ಬದಲು ಮಧ್ಯಾಹ್ನ 1.25ಕ್ಕೆ ತೆರೆಯಿತು. ಅಂಥ ಹೊತ್ತಿನಲ್ಲಿ ಫೀಡ್ ಬದಲಿಸುತ್ತ ಕೂರಬೇಡಿ, ವಿನಿಮಯ ಕೇಂದ್ರದ ಪ್ರಕಟಣೆ ನೋಡಿ. ಬರೀ ನಿಮ್ಮ ಟರ್ಮಿನಲ್ ನಿಂತಿದ್ದರೆ ಬ್ರೋಕರ್‌ನ ಫೋನ್ ಡೆಸ್ಕಿಗೆ ಕರೆ ಮಾಡಿ ಒಪ್ಪಂದದಿಂದ ಹೊರಬರಬಹುದು. ಆ ಸಂಖ್ಯೆ ಮತ್ತು ನಿಮ್ಮ ಗ್ರಾಹಕ ಸಂಕೇತವನ್ನು ಕಾಗದದ ಮೇಲೆ ಬರೆದು ಮೇಜಿಗೆ ಅಂಟಿಸಿಡಿ, ಕೆಟ್ಟುಹೋದ ಕಂಪ್ಯೂಟರಿನೊಳಗೆ ಅಲ್ಲ.

ಹೆಜ್ಜೆ 7: ಕೊಂಡ ಮೇಲೆ

ವರ್ಷದ ಚಂದಾಕ್ಕೆ ರಿಯಾಯಿತಿ ಎಂದರೂ ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಕೊಳ್ಳಿ. ರದ್ದು ಮಾಡಿದರೆ ಹಣ ಮರಳುವ ನಿಯಮವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಫ್ಯೂಚರ್ಸ್‌ನಲ್ಲಿ ಷೇರಿಗಿಲ್ಲದ ಒಂದು ತೊಡಕಿದೆ, ಒಪ್ಪಂದ ಸಾಯುತ್ತದೆ. ಹಲವು ತಿಂಗಳುಗಳನ್ನು ಹೊಲಿದು ಮಾಡಿದ ‘ಕಂಟಿನ್ಯುಯಸ್’ ಚಾರ್ಟಿನಲ್ಲಿ ತಿಂಗಳು ಬದಲಾಗುವ ದಿನ ದರ ದಿಢೀರನೆ ಹಾರಿದಂತೆ ಕಾಣುತ್ತದೆ. ಆ ಹಾರಿಕೆ ನಿಜವಾದದ್ದಲ್ಲ, ಎರಡು ತಿಂಗಳ ದರಗಳ ಅಂತರ. ನಿಮ್ಮ ಫೀಡ್ ಅದನ್ನು ಸರಿಹೊಂದಿಸುತ್ತದೆಯೇ ಇಲ್ಲವೇ ಎಂದು ಕೇಳಿ ತಿಳಿದುಕೊಳ್ಳಿ. ಎಪಿಐ ಬಳಸುವವರು ಪ್ರತಿದಿನ ಬೆಳಿಗ್ಗೆ ಪೇಟೆ ತೆರೆಯುವ ಮುನ್ನ ಒಪ್ಪಂದಗಳ ಹೊಸ ಪಟ್ಟಿ ಇಳಿಸಿಕೊಳ್ಳಬೇಕು. ಹೊಸ ತಿಂಗಳ ಒಪ್ಪಂದಕ್ಕೆ ಹೊಸ ಟೋಕನ್ ಸಂಖ್ಯೆ (ಒಪ್ಪಂದದ ಗುರುತು ಸಂಖ್ಯೆ) ಇರುತ್ತದೆ. ಎಕ್ಸ್‌ಪೈರಿಯ ಮರುದಿನ ಹಳೆಯ ಸಂಖ್ಯೆಯನ್ನೇ ಕೇಳುತ್ತಿದ್ದರೆ ಸಂಪರ್ಕ ಸರಿಯಿದ್ದೂ ಒಂದು ಟಿಕ್ ಕೂಡ ಬರುವುದಿಲ್ಲ. ಸಹಾಯವಾಣಿಗೆ ಫೋನ್ ಮಾಡುವ ಮುನ್ನ ಆ ಸಂಖ್ಯೆಯನ್ನು ಒಮ್ಮೆ ನೋಡಿಕೊಳ್ಳಿ.